ಏಳೂವರೆ ಎಚ್‌.ಪಿ. ಕಾದಂಬರಿಕಾರ: ಅಳವಡಿಕೆ, ಬಳಕೆ ಮತ್ತು ದುರಸ್ತಿ ಕೈಪಿಡಿ

ಮೊದಲು ಮೇನ್ ಆಫ್ ಮಾಡಿ, ಆಮೇಲೆ ಓದಿ.

ಆನಗೋಡಿನಲ್ಲಿ ಹೆದ್ದಾರಿಗೆ ಮುಖ ಮಾಡಿ ನನ್ನದೊಂದು ಮೋಟರ್ ರೀವೈಂಡಿಂಗ್ ಅಂಗಡಿ ಇದೆ. ಸುಟ್ಟ ಮೋಟರ್ ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸದು ಸುತ್ತಿ ಕೊಡುವುದು ಕಸುಬು. ಕರೆಂಟ್ ಹೋದಾಗ ಕಾದಂಬರಿ ಓದುವುದು ಚಟ. ಕಸುಬು ಸುತ್ತಲಿನ ಹಳ್ಳಿಗೆಲ್ಲ ಗೊತ್ತು, ಚಟ ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ. ಮುಂಗಾರು ಕೈಕೊಟ್ಟು ಮೆಕ್ಕೆಜೋಳದ ಗರಿ ಸುರುಳಿ ಸುತ್ತಿಕೊಂಡು ನಿಂತಿದ್ದ ದಿನಗಳಲ್ಲಿ, ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ಹುಡುಗನೊಬ್ಬ ಬಂದು ಸ್ಟೂಲ್ ಎಳೆದುಕೊಂಡ.

'ಅಣ್ಣಾ, ಒಂದು ಕಾದಂಬರಿ ಬರೀಬೇಕು ಅಂತ ಮಾಡೀನಿ. ತ.ರಾ.ಸು. ಬರ್ದಾರಲ್ಲ, ಹಂಗೆ. ಹೆಂಗ್ ಬರೀಬೇಕು ಹೇಳ್ರಿ.'

'ಮೋಟ್ರು ಹೆಂಗ್ ಬಿಚ್ಚಬೇಕು ಅಂತ ಕೇಳು, ಹೇಳ್ತೀನಿ' ಅಂದೆ. ಅವನು ಏಳಲಿಲ್ಲ. ಮಾರನೇ ದಿನವೂ ಬಂದ. ಮೂರನೇ ದಿನ ಟೀ ತಂದುಕೊಟ್ಟ.

ಪಂಪ್ ಕಂಪನಿಯವರು ಪೆಟ್ಟಿಗೆಯೊಳಗೆ ಒಂದು ಸಣ್ಣ ಪುಸ್ತಕ ಇಟ್ಟಿರುತ್ತಾರೆ. ಅದನ್ನು ಓದಿದ ರೈತನನ್ನು ನಾನು ಕಂಡಿಲ್ಲ, ಅದರ ಹಿಂದೆ ಅಡಿಕೆ ಲೆಕ್ಕ ಬರೆದವರನ್ನು ಬೇಕಾದಷ್ಟು ಕಂಡಿದ್ದೇನೆ. ಅಂಥದ್ದೊಂದನ್ನು ಬರೆದುಕೊಡುತ್ತೇನೆ ಅಂತ ಟೀ ಋಣಕ್ಕೆ ಒಪ್ಪಿಕೊಂಡೆ. ಓದುವುದು ಬಿಡುವುದು ಅವನಿಗೆ ಸೇರಿದ್ದು.

ನೇಮ್‌ಪ್ಲೇಟ್

ಯಾವುದೇ ಮೋಟರ್ ಬಂದರೂ ಮೊದಲು ಎಣ್ಣೆ ಬಟ್ಟೆಯಲ್ಲಿ ಒರೆಸಿ ನೇಮ್‌ಪ್ಲೇಟ್ ಓದಬೇಕು. ತ.ರಾ.ಸು. ಅವರದರಲ್ಲಿ ಇರುವುದು ಇಷ್ಟು. ಪೂರ್ತಿ ಹೆಸರು ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್. ತಯಾರಾದದ್ದು 1920ರಲ್ಲಿ, ನಮ್ಮ ಹರಿಹರ ಸೀಮೆಯ ಮಲೇಬೆನ್ನೂರಿನಲ್ಲಿ. ತಳುಕು ಚಳ್ಳಕೆರೆ ಕಡೆಯ ಹಿರೀಕರ ಊರು. ಕುವೆಂಪು ಅವರ ಗುರು ಟಿ.ಎಸ್. ವೆಂಕಣ್ಣಯ್ಯನವರು ದೊಡ್ಡಪ್ಪನ ಸಾಲಿನವರು. ಹದಿನೇಳರ ವಯಸ್ಸಿನಲ್ಲಿ ಮನೆಯವರ ಸವಾಲಿಗೆ ಬಿದ್ದು ಮೊದಲ ಕಥೆ ಬರೆದರು. ಸ್ವಾತಂತ್ರ್ಯ ಚಳವಳಿಯ ಹುಮ್ಮಸ್ಸಿನಲ್ಲಿ ಓದು ಬಿಟ್ಟರು, ಪತ್ರಿಕೆಗಳಲ್ಲಿ ದುಡಿದರು, ಅ.ನ.ಕೃ. ಜೊತೆ ಪ್ರಗತಿಶೀಲರ ಗುಂಪಿನಲ್ಲಿದ್ದರು, ಕೊನೆಗೆ ಪೆನ್ನಿನಲ್ಲೇ ಹೊಟ್ಟೆ ಹೊರೆದರು. ನಿಂತದ್ದು 1984ರಲ್ಲಿ. ನೀರು ಎತ್ತಿದ್ದು ಬಹುಪಾಲು ಒಂದೇ ಬಾವಿಯಿಂದ, ಅದು ಚಿತ್ರದುರ್ಗ.

ಮಲೇಬೆನ್ನೂರಿನಿಂದ ಹರಿಹರ, ದಾವಣಗೆರೆ ಹಾದು ದುರ್ಗಕ್ಕೆ ಹೋಗುವವರು ನನ್ನ ಅಂಗಡಿ ಮುಂದೆಯೇ ಹೋಗಬೇಕು. ಹುಟ್ಟಿದ ಮನೆಗೂ ಬರೆದ ಕೋಟೆಗೂ ನಡುವಿನ ದಾರಿಯಲ್ಲಿ ನಾನು ಕೂತಿದ್ದೇನೆ ಅನ್ನುವುದಷ್ಟೇ ಈ ಕೈಪಿಡಿ ಬರೆಯಲು ನನಗಿರುವ ಅರ್ಹತೆ. ಬೇರೆ ಸರ್ಟಿಫಿಕೇಟ್ ಕೇಳಬೇಡಿ.

ಪೆಟ್ಟಿಗೆಯಲ್ಲಿ ಏನೇನಿರಬೇಕು

ಒಂದು ಊರು, ಒಂದು ಮನೆ, ಆ ಮನೆಗೆ ಬರಲಿರುವ ಒಂದು ಸೋಲು. ಇಷ್ಟೇ. ಖಡ್ಗ, ಕಹಳೆ, ಆನೆ, ಕುದುರೆ ಎಲ್ಲ ಬೇರೆ ಚಾರ್ಜು.

ಹುಡುಗ ಕೇಳಿದ: 'ಕೋಟೆ ಬ್ಯಾಡವಾ?' ಬೇಡ. ಊರು ಯಾವುದಾದರೂ ಆದೀತು. ಮಾಯಕೊಂಡ ಇಲ್ಲೇ ಮಗ್ಗುಲಲ್ಲಿದೆ. ದುರ್ಗದ ಹಿರೇ ಮದಕರಿ ನಾಯಕ 1748ರಲ್ಲಿ ಬಿದನೂರು, ಹರಪನಹಳ್ಳಿ ಮುಂತಾದವರ ಕೂಟದ ಎದುರು ಹೋರಾಡಿ ಬಿದ್ದದ್ದು ಆ ಬಯಲಿನಲ್ಲಿ. ಈಗ ಅಲ್ಲಿ ರೈಲು ನಿಲ್ಲುತ್ತದೆ, ಜನ ಇಳಿಯುತ್ತಾರೆ, ಯಾರೂ ನೆಲ ನೋಡುವುದಿಲ್ಲ. ಅದೂ ಹಳೆಯದಾಯಿತು ಅಂದರೆ ನಮ್ಮೂರ ಹತ್ತಿರವೇ ಗೋಲಿಬಾರಿನಲ್ಲಿ ಸತ್ತ ರೈತರ ಸ್ಮಾರಕ ಇದೆ. ವರ್ಷಕ್ಕೊಮ್ಮೆ ಹಸಿರು ಶಾಲಿನವರು ಬಂದು ಹೂವಿಡುತ್ತಾರೆ. ಉಳಿದ ದಿನ ದಾವಣಗೆರೆಯಿಂದ ಕಿರು ಮೃಗಾಲಯಕ್ಕೆ ಜಿಂಕೆ ತೋರಿಸಲು ಮಕ್ಕಳನ್ನು ಕರೆದುಕೊಂಡು ಬರುವವರು ಹಾರ್ನ್ ಹೊಡೆಯುತ್ತ ಹಾದುಹೋಗುತ್ತಾರೆ.

ಬಿಡಿಭಾಗದ ಪಟ್ಟಿಯಲ್ಲಿ ಇರಕೂಡದ್ದು ಒಂದಿದೆ: ಊರ ಹೆಸರನ್ನು ಬಿಡಿಸುವ ಚಪಲ. ಆನಗೋಡಿನಲ್ಲಿ ಆನೆ ಎಲ್ಲಿ, ಕೋಡು ಎಲ್ಲಿ ಅಂತ ಮೊದಲ ಅಧ್ಯಾಯದಲ್ಲೇ ಹುಡುಕಲು ಹೊರಟ ಮೂರು ಕಾದಂಬರಿಗಳು ನನಗೆ ಗೊತ್ತು. ಮೂರೂ ಎರಡನೇ ಅಧ್ಯಾಯ ಕಂಡಿಲ್ಲ.

ಅಳವಡಿಕೆ

ಮೊದಲ ಹಂತದಲ್ಲೇ ಹೆಚ್ಚಿನವರು ತಪ್ಪುತ್ತಾರೆ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಕೊನೆಯನ್ನು ರಟ್ಟಿನ ಮೇಲೆ ಬರೆದುಬಿಡಿ.

1982ರಲ್ಲಿ ಬಂದ ತ.ರಾ.ಸು. ಅವರ ದೊಡ್ಡ ಕಾದಂಬರಿಯ ಹೆಸರು 'ದುರ್ಗಾಸ್ತಮಾನ'. ಇನ್ನು ಮುಚ್ಚಿಡಲು ಏನು ಉಳಿಯಿತು? ಸೂರ್ಯ ಮುಳುಗುತ್ತಾನೆ ಅಂತ ರಟ್ಟೇ ಹೇಳುತ್ತಿದೆ. ಹೇಳದಿದ್ದರೂ ದುರ್ಗದ ಕಡೆಯ ಮಗುವಿಗೂ ಗೊತ್ತು: 1754ರಲ್ಲಿ ಇನ್ನೂ ಮೀಸೆ ಮೂಡದ ಹುಡುಗ ಮದಕರಿ ಪಟ್ಟಕ್ಕೆ ಬಂದ, 1779ರಲ್ಲಿ ಹೈದರಾಲಿ ಕೋಟೆ ಹಿಡಿದ, ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಒಯ್ದ. ಇದರಲ್ಲಿ 'ಮುಂದೇನಾಯಿತು' ಅನ್ನುವ ಪ್ರಶ್ನೆಗೆ ಜಾಗವೇ ಇಲ್ಲ. ಆದರೂ ನೂರಾರು ಪುಟ ಓದಿಸಿಕೊಂಡು ಹೋಗುತ್ತದೆ. ನಾನು ಎರಡು ಸಲ ಓದಿದ್ದೇನೆ. ಎರಡೂ ಸಲ ಕೋಟೆ ಉಳಿದೀತೇನೋ ಅಂತ ಒಂದು ಆಸೆ, ನಾಚಿಕೆಯಿಲ್ಲದೆ.

ಈ ಕರಾಮತ್ತು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ಗಿರಾಕಿಗಳಿಂದ. ಮೋಟರ್ ಹೊತ್ತು ತಂದವನಿಗೆ ಅದು ಸುಟ್ಟಿದೆ ಅಂತ ಗೊತ್ತು. ಸುಟ್ಟಿದೆ ಅಂತ ನಾನು ಹೇಳಿದರೆ ಅವನಿಗೆ ಸಮಾಧಾನವಿಲ್ಲ. ಬಿಚ್ಚುವಾಗ ಪಕ್ಕದಲ್ಲೇ ನಿಂತಿರುತ್ತಾನೆ, ಒಂದೊಂದು ಬೋಲ್ಟಿಗೂ ಬಗ್ಗಿ ನೋಡುತ್ತಾನೆ. ಯಾವ ಕಾಯಿಲ್ ಮೊದಲು ಹೋಯಿತು, ಎಷ್ಟು ಹೊತ್ತಿನವರೆಗೆ ತಡೆದುಕೊಂಡಿತ್ತು, ತಾನು ಹತ್ತು ನಿಮಿಷ ಮೊದಲು ಬಂದಿದ್ದರೆ ಉಳಿಯುತ್ತಿತ್ತೇ, ಇವು ಅವನಿಗೆ ಬೇಕಾದ ವಿಷಯ. ತ.ರಾ.ಸು. ಓದುಗನನ್ನು ನಿಲ್ಲಿಸುವುದು ಈ ಜಾಗದಲ್ಲಿ. ಕೊನೆ ನಮಗೆ ಗೊತ್ತು, ಒಳಗಿರುವವರಿಗೆ ಗೊತ್ತಿಲ್ಲ. ಅವರು ಮದುವೆ ಮಾತಾಡುತ್ತಾರೆ, ಹಬ್ಬಕ್ಕೆ ಸಜ್ಜಾಗುತ್ತಾರೆ, ಮಾನ ಅವಮಾನದ ಲೆಕ್ಕ ಇಡುತ್ತಾರೆ. ನಾವು ಉಸಿರು ಬಿಗಿ ಹಿಡಿದು ನೋಡುತ್ತಿರುತ್ತೇವೆ.

ಮಾಸ್ತಿಯವರೂ ಒಂದು ರಾಜ್ಯ ಮುಳುಗಿದ್ದನ್ನು ಬರೆದರು. 'ಚಿಕವೀರ ರಾಜೇಂದ್ರ', ಕೊಡಗು 1834ರಲ್ಲಿ ಇಂಗ್ಲಿಷರ ಕೈಸೇರಿದ ಕಥೆ. ಅವರು ಚಾವಡಿಯಲ್ಲಿ ಕೂತ ಯಜಮಾನರ ಹಾಗೆ, ಎಲೆ ಅಡಿಕೆ ಪಕ್ಕಕ್ಕಿಟ್ಟು, ಯಾರದು ಎಷ್ಟು ತಪ್ಪು ಅಂತ ಮೆಲ್ಲಗೆ ಹೇಳಿಕೊಂಡು ಹೋಗುತ್ತಾರೆ. ದನಿ ಏರುವುದೇ ಇಲ್ಲ. ತ.ರಾ.ಸು. ಬುರುಜಿನ ಮೇಲೆ ನಿಂತವರು. ಗಾಳಿ ಜೋರಾಗಿದೆ, ಕೂಗಲೇಬೇಕು. ನನಗೆ ಮಾಸ್ತಿಯವರ ಮೇಲೆ ಗೌರವ ಹೆಚ್ಚು. ಆದರೆ ಕರೆಂಟ್ ಹೋದಾಗ ಕೈ ಹೋಗುವುದು ತ.ರಾ.ಸು. ಕಡೆಗೆ.

ಎರಡನೇ ಹಂತ, ಸೀಲ್ ಪರೀಕ್ಷೆ. ಸಬ್‌ಮರ್ಸಿಬಲ್ ಮೋಟರ್ ಇರುವುದೇ ನೀರಿನೊಳಗೆ. ಆದರೂ ಬಾವಿಯ ಮರಳು ಕೆಸರು ಒಳಗೆ ನುಗ್ಗುವುದು ಶಾಫ್ಟಿನ ಹತ್ತಿರ ಸವೆದ ಒಂದು ಸಣ್ಣ ರಬ್ಬರ್ ಸೀಲಿನಿಂದ. ಕೋಟೆಯದೂ ಹಾಗೇ. ಏಳು ಸುತ್ತಿನ ಕೋಟೆ ಅಂತ ಹಾಡಿ ಹೊಗಳುತ್ತೇವೆ. ತ.ರಾ.ಸು. ಹುಡುಕುವುದು ಎಂಟನೆಯ ಸುತ್ತನ್ನು, ಒಳಮನೆಯನ್ನು. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಮೂರನ್ನೂ ಸಾಲಾಗಿ ಓದಿ. ಹೊರಗಿನ ಶತ್ರುವಿಗಿಂತ ಅರಮನೆಯ ಒಳಗಿನ ಮಸಲತ್ತು, ದಳವಾಯಿಯ ಕೈಚಳಕ, ಪಟ್ಟದ ಆಸೆಯೇ ನೆತ್ತರು ಹರಿಸುತ್ತದೆ. ದುರ್ಗದ ಮೇಲೆ ಅವರಿಗಿದ್ದ ಪ್ರೀತಿ ಜಗತ್ಪ್ರಸಿದ್ಧ. ಆ ಪ್ರೀತಿ ದುರ್ಗದವರನ್ನು ನಿರ್ದೋಷಿಗಳು ಅಂತ ಬಿಟ್ಟುಬಿಡಲಿಲ್ಲ, ಅದು ನನಗೆ ಮುಖ್ಯ. ಸೋತವರ ಪಕ್ಷ ಹಿಡಿದೂ ಸೋತವರ ತಪ್ಪು ಎಣಿಸುವುದು ಸುಲಭದ ಕೆಲಸವಲ್ಲ. ನಮ್ಮೂರ ಹೊಲದ ವ್ಯಾಜ್ಯದ ಪಂಚಾಯಿತಿಗೆ ಒಮ್ಮೆ ಕೂತು ನೋಡಿ, ಗೊತ್ತಾಗುತ್ತದೆ.

ಸಾಮಗ್ರಿ ಎಲ್ಲಿಂದ ತರಬೇಕು ಅನ್ನುವುದಕ್ಕೆ ಒಂದೇ ಸಾಲು. ದುರ್ಗದ ಪಾಳೆಯಗಾರರ ಮೇಲೆ ಎಂ.ಎಸ್. ಪುಟ್ಟಣ್ಣ ಬರೆದದ್ದಿದೆ, ಹುಲ್ಲೂರು ಶ್ರೀನಿವಾಸ ಜೋಯಿಸರು ಊರೂರು ಅಲೆದು ಕೂಡಿಹಾಕಿದ್ದಿದೆ, ಮೊದಲು ಅದನ್ನು ಓದಬೇಕು. ಓದಿ ಮುಚ್ಚಿಡಬೇಕು. ತಾಮ್ರಶಾಸನವನ್ನು ಪಾತ್ರದ ಬಾಯಲ್ಲಿ ಹೇಳಿಸಿದರೆ ಅದು ಕಾದಂಬರಿಯಲ್ಲ, ತಾಲೂಕು ಕಚೇರಿ.

ಮೂರನೇ ಹಂತ, ಅರ್ಥಿಂಗ್

ಹುಡುಗ ಹದಿನಾಲ್ಕು ಪುಟ ಬರೆದು ತಂದಿದ್ದ. ಮೊದಲ ಪುಟದಲ್ಲಿ ಕೋಟೆಯ ಮೇಲೆ ಸೂರ್ಯ ಏರುತ್ತಿದ್ದ. ಹದಿನಾಲ್ಕನೆಯದರಲ್ಲೂ ಏರುತ್ತಿದ್ದ. ನಾನು ಕನ್ನಡಕ ಒರೆಸಿಕೊಳ್ಳುತ್ತಿದ್ದಾಗ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಹಿಂದೆ ಒಂದು ಸಬ್‌ಮರ್ಸಿಬಲ್ ಮೋಟರ್, ಗೋಣಿಚೀಲ ಸುತ್ತಿದ್ದು. ಮುಂದೆ ಡ್ರೈವರ್ ಪಕ್ಕದಲ್ಲಿ ಎಪ್ಪತ್ತು ದಾಟಿದ ಅಜ್ಜಿ. ಇಳಿದವಳೇ ಸ್ಟೂಲ್ ನೋಡಿದಳು. ಹುಡುಗ ಎದ್ದ.

ಏಳೂವರೆ ಎಚ್‌.ಪಿ. ಮೋಟರು. ಬಿಚ್ಚಿದೆ. ವೈಂಡಿಂಗ್ ಇದ್ದಿಲಾಗಿತ್ತು, ಬುಷ್ ಬಣ್ಣಗೆಟ್ಟಿತ್ತು. ನೀರಿಲ್ಲದೆ ಓಡಿಸಿದ ಮೋಟರ್ ಅಂತ ಹೇಳಲು ಮೀಟರ್ ಬೇಕಿರಲಿಲ್ಲ.

'ಅಜ್ಜಿ, ಬೋರ್ ಬತ್ತೈತೇನು?'

'ಬತ್ತಿ ಎರಡು ವರ್ಷ ಆತು.'

'ಮತ್ತೆ ಮೋಟ್ರು ಈಗ ಸುಟ್ಟೈತಲ್ಲ?'

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. 'ನಮ್ಮನೆಯೋರು ದಿನಾ ಮುಂಜಾನೆ ಹೋಗಿ ಸ್ಟಾರ್ಟ್ರು ಒತ್ತೋರು. ಒತ್ತಿ ಪೈಪಿನ ಮ್ಯಾಲೆ ಕೈ ಇಟ್ಟು ನಿಂತ್ಕೊಳ್ಳೋರು. ನೀರು ಬಂದ್ರೆ ಕಣ್ಣಿಗಿಂತ ಮೊದ್ಲು ಕೈಗೆ ಗೊತ್ತಾಕತಿ ಅನ್ನೋರು. ಒಂದೀಟು ಹೊತ್ತು ನಿಂತು, ಆಫ್ ಮಾಡಿ, ಬಂದು ರೊಟ್ಟಿ ತಿನ್ನೋರು. ಯಾಕ್ ಒತ್ತೀರಿ ಅಂದ್ರೆ, ಕೈ ಹೋಗ್ತತಲೇ ಏನ್ ಮಾಡಲಿ ಅನ್ನೋರು.'

'ಈಗ?'

'ಒಂದಿನ ಆಫ್ ಮಾಡದೆ ಬಿಟ್ಟು ಬಂದ್ರು' ಅಂದಳು. ಆಮೇಲೆ ಸುಮ್ಮನಾದಳು. ಕುಂಕುಮವಿಲ್ಲದ ಹಣೆಯನ್ನು ನಾನು ಆಗ ನೋಡಿದೆ, ಹುಡುಗನೂ ನೋಡಿದ.

ನೀರಿಲ್ಲದ ಬೋರಿಗೆ ಮೋಟರ್ ಯಾಕೆ ರಿಪೇರಿ, ಗುಜರಿಗೆ ಹಾಕಿದರೆ ತಾಮ್ರದ ರೇಟಾದರೂ ಸಿಗುತ್ತದೆ ಅಂದೆ. ಹಾಗೆ ಹೇಳುವುದು ನನ್ನ ಕರ್ತವ್ಯ. 'ಸುಟ್ಟದ್ದು ಮನ್ಯಾಗೆ ಇರಬಾರದು ತಮ್ಮಾ. ಕಟ್ಟಿಡು' ಅಂದಳು. ಮುಂಗಡ ಅಂತ ಸೊಂಟದ ಚೀಲದಿಂದ ಎಣಿಸಿ ಕೊಟ್ಟಳು. ನೋಟು ಬೆಚ್ಚಗಿದ್ದವು.

ಆಟೋ ಹೋದ ಮೇಲೆ ಹುಡುಗ ತನ್ನ ಹದಿನಾಲ್ಕು ಪುಟ ವಾಪಸ್ ಕೇಳಿದ. ಕೊಟ್ಟೆ. ಕೊಡುವ ಮುಂಚೆ, ಒಂಬತ್ತನೇ ಪುಟದ ನಡುವೆ ಒಂದು ಪ್ಯಾರಾಕ್ಕೆ ಮಾತ್ರ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಮುತ್ತಿಗೆಯ ಹೊತ್ತಿನಲ್ಲಿ ಒಬ್ಬಳು ಮುದುಕಿ ರಾಗಿ ಗುಡಾಣದ ಬಾಯಿಗೆ ಹಸಿ ಮಣ್ಣು ಮೆತ್ತುತ್ತ, ಮೊಮ್ಮಗನ ಮದುವೆಗೆ ಇದು ಸಾಲದು ಅಂತ ಗೊಣಗುತ್ತಾಳೆ. ಅಷ್ಟೇ. ಹದಿನಾಲ್ಕೂ ಪುಟದಲ್ಲಿ ಭೂಮಿಗೆ ಇಳಿದ ತಂತಿ ಅದೊಂದೇ. ಅರ್ಥಿಂಗ್ ಇಲ್ಲದ ಕಾದಂಬರಿ ಮುಟ್ಟಿದವರಿಗೆಲ್ಲ ಹೊಡೆಯುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ.

ವೋಲ್ಟೇಜ್ ಕುರಿತು ಎಚ್ಚರಿಕೆ

ಈ ಮಾದರಿಯಲ್ಲಿ ವೋಲ್ಟೇಜ್ ಜಾಸ್ತಿ. ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತೇನೆ. ಪಾತ್ರಗಳು ಮಾತಾಡುವಾಗ ನಾಟಕದ ಪರದೆ ಹಿಂದೆ ಅಲ್ಲಾಡಿದ ಹಾಗೆ ಕೆಲವು ಕಡೆ ಅನಿಸುತ್ತದೆ. ಕಣ್ಣೀರು ಒಂದು ಬಿಂದಿಗೆ ಸಾಕಾದಲ್ಲಿ ಟ್ಯಾಂಕರ್ ಬರುತ್ತದೆ. ಒಳ್ಳೆಯವರು ತೀರ ಒಳ್ಳೆಯವರು. ಹೊಟ್ಟೆಪಾಡಿಗೆ ವೇಗವಾಗಿ ಬರೆಯಬೇಕಾದವರ ಬರವಣಿಗೆಯಲ್ಲಿ ಇದು ಬರುತ್ತದೆ, ಅದಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಹುಡುಗರು ಮಾತ್ರ ನಕಲು ಮಾಡುವಾಗ ಮೊದಲು ನಕಲು ಮಾಡುವುದೇ ಇದನ್ನು. ಕೆಳಗೆ ತಡೆಯುವ ತಾಮ್ರವಿಲ್ಲದೆ ಮೇಲಿನ ವೋಲ್ಟೇಜ್ ಮಾತ್ರ ತೆಗೆದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ನನ್ನ ಅಂಗಡಿಯ ಮೂಲೆಯ ರಾಶಿ ನೋಡಿ.

ಕಡಿಮೆ ದನಿಯಲ್ಲಿ ಅವರನ್ನು ಓದಬೇಕೆಂದರೆ 'ಹಂಸಗೀತೆ' ಇದೆ. ನಡುವಿನಲ್ಲಿರುವುದು ರಾಜನಲ್ಲ, ಪಟ್ಟವಲ್ಲ, ದುರ್ಗದ ನೆಲದ ಒಬ್ಬ ಹಾಡುಗಾರ. ಅಲ್ಲಿಯೂ ಪ್ರಶ್ನೆ ಅದೇ: ಕಳೆದುಕೊಳ್ಳುವುದು ಖಾತ್ರಿಯಾದ ಮೇಲೆ ಮನುಷ್ಯ ಹೇಗೆ ನಿಲ್ಲುತ್ತಾನೆ. ಅದನ್ನೇ ಆಧರಿಸಿ 1956ರಲ್ಲಿ ಹಿಂದಿಯವರು 'ಬಸಂತ್ ಬಹಾರ್' ಮಾಡಿದರು, 1975ರಲ್ಲಿ ಜಿ.ವಿ. ಅಯ್ಯರ್ ಕನ್ನಡದಲ್ಲಿ ಸಿನಿಮಾ ಮಾಡಿದರು.

ಸಿನಿಮಾ ಅಂದಮೇಲೆ ಇನ್ನೊಂದು ಎಚ್ಚರಿಕೆ. ತ.ರಾ.ಸು. ಅವರ 'ನಾಗರಹಾವು' 1972ರಲ್ಲಿ ಪುಟ್ಟಣ್ಣ ಕಣಗಾಲ್ ಕೈಯಲ್ಲಿ ತೆರೆಗೆ ಬಂತು, ವಿಷ್ಣುವರ್ಧನ್ ರಾಮಾಚಾರಿಯಾದರು, ದುರ್ಗದ ಬಂಡೆಗಳು ನಾಡಿಗೆಲ್ಲ ಪರಿಚಯವಾದವು. ಕಾದಂಬರಿಕಾರರಿಗೆ ಮಾತ್ರ ಅದು ಹಿಡಿಸಲಿಲ್ಲ, ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರು ಅಂದರು ಅಂತ ಪ್ರಸಿದ್ಧಿ. ನಾನು ಸಿನಿಮಾ ಆರು ಸಲ ನೋಡಿದವನು, ಪಂಚಾಯಿತಿಗೆ ಕೂರಲು ಲಾಯಕ್ಕಿಲ್ಲ. ಆದರೆ ಆ ಸಿಟ್ಟು ನನಗೆ ಇಷ್ಟ. ಅವರು ಬರೆದ ರಾಮಾಚಾರಿಯ ಒಳಗೆ ಒಂದು ವಿಷ ಇದೆ, ಅದನ್ನು ಅವರು ಬಚ್ಚಿಟ್ಟಿರಲಿಲ್ಲ. ಜನ ಮೆಚ್ಚಲಿ ಅಂತ ಹಲ್ಲು ಕೀಳಿಸಿದರೆ ಸಿಟ್ಟು ಬಾರದೆ ಇದ್ದೀತೇ.

ದೋಷಗಳು ಮತ್ತು ಪರಿಹಾರ

ಮೋಟ್ರು ಓಡ್ತತಿ, ನೀರು ಬರ್ತಿಲ್ಲ: ಘಟನೆ ಮೇಲೆ ಘಟನೆ ಆಗುತ್ತಿದೆ, ಯಾರಿಗೂ ಏನೂ ನಷ್ಟವಾಗುತ್ತಿಲ್ಲ. ಮೇಲಿನ ಅಜ್ಜಿಯ ವಿಷಯ ಮತ್ತೆ ಓದಿ.

ಶಬ್ದ ಜಾಸ್ತಿ: ವಿಶೇಷಣಗಳ ಬೇರಿಂಗ್ ಸವೆದಿದೆ. 'ಭವ್ಯ', 'ದಿವ್ಯ', 'ರೋಮಾಂಚಕ' ಮೂರನ್ನೂ ತೆಗೆದು ಸೀಮೆಎಣ್ಣೆಯಲ್ಲಿ ತೊಳೆಯಿರಿ. ವಾಪಸ್ ಹಾಕುವ ಅಗತ್ಯವಿಲ್ಲ.

ಉಲ್ಟಾ ತಿರುಗುತ್ತಿದೆ: ಖಳನಾಯಕ ನಾಯಕನಿಗಿಂತ ಚೆನ್ನಾಗಿ ಮಾತಾಡುತ್ತಿದ್ದಾನೆ. ಮೋಟರಿನಲ್ಲಾದರೆ ಎರಡು ಫೇಸ್ ಅದಲು ಬದಲು ಮಾಡಿದರೆ ಸರಿಹೋಗುತ್ತದೆ. ಕಾದಂಬರಿಯಲ್ಲಿ ಹಾಗೇ ಬಿಡಿ, ಅದು ದೋಷವಲ್ಲ.

ಭಾಷೆ ಹಿಡಿಯುತ್ತಿಲ್ಲ: ನಮ್ಮ ಕಡೆಯವರು 'ಆಕತಿ, ಬರ್ತತಿ, ಐತಿ' ಅಂತ ದಿನವಿಡೀ ಮಾತಾಡಿ, ಪೆನ್ನು ಹಿಡಿದ ಕೂಡಲೇ ಇಸ್ತ್ರಿ ಅಂಗಿ ಹಾಕಿಕೊಂಡುಬಿಡುತ್ತಾರೆ. ಈ ಒಂದು ವಿಷಯದಲ್ಲಿ ತ.ರಾ.ಸು. ಅವರಿಗಿಂತ ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಪುಸ್ತಕ ಬಿಚ್ಚಿ ನೋಡುವುದು ಮೇಲು. ಅಲ್ಲಿ ಊರಿನ ಮಾತು ಬರಿಗಾಲಲ್ಲೇ ಅರಮನೆಗೆ ನುಗ್ಗುತ್ತದೆ.

ಪದೇ ಪದೇ ಟ್ರಿಪ್ ಆಗುತ್ತಿದೆ: ಬರೆಯುತ್ತಿರುವಾಗ ಪ್ರಶಸ್ತಿಯ ಯೋಚನೆ ಬರುತ್ತಿದೆ. 'ದುರ್ಗಾಸ್ತಮಾನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. ನೇಮ್‌ಪ್ಲೇಟ್ ಇನ್ನೊಮ್ಮೆ ನೋಡಿ.

ವಾರಂಟಿ

ಇಲ್ಲ. ಸುತ್ತಿದ ತಂತಿಗೆ ಆರು ತಿಂಗಳು ಕೊಡುತ್ತೇನೆ, ಅದೂ ಡ್ರೈ ರನ್ ಆಗದಿದ್ದರೆ. ಕಾದಂಬರಿಗೆ ಅದನ್ನೂ ಕೊಡಲಾಗುವುದಿಲ್ಲ.

ಹುಡುಗ ಆಮೇಲೆ ಹದಿನೈದು ದಿನ ಈ ಕಡೆ ತಲೆ ಹಾಕಲಿಲ್ಲ. ಹಿಂದಿನ ವಾರ ಬಂದ. ಸೂರ್ಯ ಏರುವುದು ನಿಂತಿತ್ತು. ಈಗ ಐದೇ ಪುಟ, ಗುಡಾಣದ ಮುದುಕಿ ಮೊದಲ ಸಾಲಿಗೆ ಬಂದಿದ್ದಳು. ಮಣ್ಣು ಮೆತ್ತಿದ ಮೇಲೆ ಅಂಗೈಯನ್ನು ಗುಡಾಣದ ಮೇಲೆ ಹಾಗೇ ಇಟ್ಟುಕೊಂಡು ನಿಲ್ಲುತ್ತಾಳೆ. ಯಾಕೆ ಅಂತ ಬರೆದಿರಲಿಲ್ಲ. ನಾನು ಕೇಳಲಿಲ್ಲ. 'ರಾಗಿ ಎಷ್ಟು ಖಂಡುಗ ಅಂತ ಹಾಕು' ಅಂದೆ, ಅಷ್ಟೇ.

ಅಜ್ಜಿಯ ಮೋಟರ್ ಕಟ್ಟಿ ಮುಗಿದಿದೆ. ಟೆಸ್ಟ್ ಮಾಡಿದ್ದೇನೆ, ಚೆನ್ನಾಗಿ ತಿರುಗುತ್ತದೆ. ಅವಳು ಇನ್ನೂ ಒಯ್ಯಲು ಬಂದಿಲ್ಲ. ಫೋನ್ ನಂಬರ್ ಕೊಟ್ಟಿಲ್ಲ, ಊರ ಹೆಸರೂ ಹೇಳಿಲ್ಲ. ಗೋಣಿಚೀಲ ಹೊದಿಸಿ ಗೋಡೆಗೆ ಒರಗಿಸಿಟ್ಟಿದ್ದೇನೆ.

ಸೇವಾ ಕೇಂದ್ರದ ವೇಳೆ: ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳು, ಅಮಾವಾಸ್ಯೆ ರಜೆ. ತ್ರೀ ಫೇಸ್ ಇರುವಾಗ ಬಂದು ಕಾದಂಬರಿ ಮಾತು ಎತ್ತಬಾರದು, ಕರೆಂಟ್ ಹೋದ ಮೇಲೆ ಬನ್ನಿ. ಸ್ಟೂಲ್ ಒಂದೇ ಇರುವುದು. ಅಜ್ಜಿ ಬಂದರೆ ಎದ್ದು ಬಿಟ್ಟುಕೊಡಬೇಕು.